ಬೇಟೆಯ ಕಾಡಿಗೆ ಬಂದ ಸಫಾರಿ ಬಸ್ಸು

ಚಿತ್ರದುರ್ಗದವರಿಗೆ ಕಾಡೆಂದರೆ ಜೋಗಿಮಟ್ಟಿ, ಪ್ರಾಣಿ ನೋಡುವುದೆಂದರೆ ಆಡುಮಲ್ಲೇಶ್ವರದ ಕಿರು ಮೃಗಾಲಯ. ಅಲ್ಲಿ ಬೋನಿನಲ್ಲಿರುವುದು ಚಿರತೆ. ಸಫಾರಿಯಲ್ಲಿ ಕಿಟಕಿ ಜಾಲರಿಯ ಹಿಂದೆ ಕೂರುವವನು ಮನುಷ್ಯ. ಅದಕ್ಕೆ ಭದ್ರಾಕ್ಕೋ ಬಂಡೀಪುರಕ್ಕೋ ಹೋಗಬೇಕು.

ಬಂಡೀಪುರ ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡು. 1931ರಲ್ಲಿ ಅದರ 90 ಚದರ ಕಿ.ಮೀ. ವನ್ಯಧಾಮವಾಯಿತು. ಹತ್ತೇ ವರ್ಷದಲ್ಲಿ ಸುಮಾರು 800 ಚದರ ಕಿ.ಮೀ.ಗೆ ಹಿಗ್ಗಿ, ಅಲ್ಲಿನ ಬೆಟ್ಟದ ದೇವರಾದ ಹಿಮವದ್ ಗೋಪಾಲಸ್ವಾಮಿಯ ನೆನಪಿಗೆ ವೇಣುಗೋಪಾಲ ವನ್ಯಮೃಗ ಉದ್ಯಾನ ಎಂಬ ಹೆಸರು ಪಡೆಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಮರುವರ್ಷ ಶುರುವಾದ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಸೇರಿತು.

ಕೂಗು ಕೇಳಿ ಮೃಗದ ಜಾಡು ಹಿಡಿಯುವ ಬೇಟೆಗಾರರ ವಿದ್ಯೆ ಮಾತ್ರ ಉಳಿದಿದೆ. ಜಿಂಕೆ ಬೆದರಿ ಕೂಗಿದರೆ ಇಂದಿಗೂ ಸಫಾರಿ ಬಸ್ಸಿನ ಚಾಲಕ ಇಂಜಿನ್ ಆರಿಸಿ, ಲಂಟಾನ ಪೊದೆಯತ್ತ ಕಿವಿಗೊಡುತ್ತಾನೆ. ಬಸ್ಸಿನಲ್ಲಿ ಕೋವಿಯಿಲ್ಲ, ಕ್ಯಾಮೆರಾಗಳಿವೆ.