ಫ್ರಾಂಕೊಫೊನಿ ವಿಶ್ವವಿದ್ಯಾಲಯ ಸಂಸ್ಥೆ

ಫ್ರಾಂಕೊಫೊನಿ ವಿಶ್ವವಿದ್ಯಾಲಯ ಸಂಸ್ಥೆ (ಎಯುಎಫ್) ಫ್ರೆಂಚ್ ಭಾಷೆಯಲ್ಲಿ ಪೂರ್ಣವಾಗಿ ಅಥವಾ ಭಾಗಶಃ ಬೋಧನೆ, ಸಂಶೋಧನೆ ನಡೆಸುವ ಉನ್ನತ ಶಿಕ್ಷಣ ಸಂಸ್ಥೆಗಳ ಅಂತಾರಾಷ್ಟ್ರೀಯ ಒಕ್ಕೂಟವಾಗಿದೆ. ಇದರ ಕೇಂದ್ರ ಕಚೇರಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್ ನಗರದಲ್ಲಿದ್ದು, ಪ್ಯಾರಿಸ್‌ನಲ್ಲಿಯೂ ಕೇಂದ್ರೀಯ ವಿಭಾಗಗಳಿವೆ. ನೂರಕ್ಕೂ ಹೆಚ್ಚು ದೇಶಗಳ ಸಾವಿರಕ್ಕೂ ಮಿಕ್ಕಿದ ವಿಶ್ವವಿದ್ಯಾಲಯಗಳು, ಮಹಾವಿದ್ಯಾಲಯಗಳು ಮತ್ತು ಸಂಶೋಧನಾ ಕೇಂದ್ರಗಳು ಇದರ ಸದಸ್ಯತ್ವ ಹೊಂದಿವೆ. ಫ್ರೆಂಚ್ ಅಧಿಕೃತ ಭಾಷೆಯಾಗಿಲ್ಲದ ವಿಯೆಟ್ನಾಂ, ರೊಮೇನಿಯಾ, ಲೆಬನಾನ್‌ನಂತಹ ದೇಶಗಳ ಸಂಸ್ಥೆಗಳೂ ಇವುಗಳಲ್ಲಿ ಸೇರಿವೆ.

ಇತಿಹಾಸ

ಒಕ್ಕೂಟವು 1961ರ ಸೆಪ್ಟೆಂಬರ್ 13ರಂದು ಮಾಂಟ್ರಿಯಲ್‌ನಲ್ಲಿ ಸ್ಥಾಪನೆಯಾಯಿತು. ಆಗ ಅದರ ಹೆಸರು 'ಪೂರ್ಣವಾಗಿ ಅಥವಾ ಭಾಗಶಃ ಫ್ರೆಂಚ್ ಭಾಷೆಯ ವಿಶ್ವವಿದ್ಯಾಲಯಗಳ ಸಂಘ' ಎಂದಿತ್ತು; ಫ್ರೆಂಚಿನ ಮೊದಲಕ್ಷರಗಳಿಂದ 'ಒಪೆಲ್ಫ್' ಎಂದು ಪ್ರಸಿದ್ಧವಾಯಿತು. ಹೆಸರು ಉದ್ದವಾಗಿದ್ದರೂ 'ಭಾಗಶಃ' ಎಂಬ ಪದಕ್ಕೆ ಅರ್ಥವಿತ್ತು: ಎರಡು ಭಾಷೆಗಳಲ್ಲಿ ಬೋಧಿಸುವ ಸಂಸ್ಥೆಗಳಿಗೂ ಅದು ಬಾಗಿಲು ತೆರೆದಿಟ್ಟಿತು.

ಸ್ಥಾಪನೆಯ ಉಪಕ್ರಮ ಪ್ಯಾರಿಸ್‌ನಿಂದಲ್ಲ, ಕ್ವಿಬೆಕ್‌ನಿಂದ ಬಂದುದು ಗಮನಾರ್ಹ. ಇಂಗ್ಲಿಷ್ ಪ್ರಾಬಲ್ಯದ ಖಂಡದಲ್ಲಿ ಅಲ್ಪಸಂಖ್ಯಾತರಾಗಿದ್ದ ಕ್ವಿಬೆಕ್‌ನ ಫ್ರೆಂಚ್ ಭಾಷಿಕರಿಗೆ ಹೊರಜಗತ್ತಿನ ಸಹಭಾಷಿಕರ ನಂಟು ಅಗತ್ಯವೆನಿಸಿತ್ತು. ಪತ್ರಕರ್ತ ಜಾನ್-ಮಾರ್ಕ್ ಲೆಜೆ ಮತ್ತು ಮಾಂಟ್ರಿಯಲ್ ವಿಶ್ವವಿದ್ಯಾಲಯದ ಆಂದ್ರೆ ಬಶಾಂ ಈ ಯೋಜನೆಯ ಪ್ರಮುಖ ರೂವಾರಿಗಳು. ಲೆಜೆ ಮುಂದೆ 1970ರಲ್ಲಿ ನೈಜರ್‌ನ ನಿಯಾಮೆಯಲ್ಲಿ ಸ್ಥಾಪಿತವಾದ ಸಾಂಸ್ಕೃತಿಕ ಮತ್ತು ತಾಂತ್ರಿಕ ಸಹಕಾರ ಸಂಸ್ಥೆಗೂ ಮೊದಲ ಪ್ರಧಾನ ಕಾರ್ಯದರ್ಶಿಯಾದರು. ಕಾಲವೂ ಇದಕ್ಕೆ ಒದಗಿಬಂದಿತ್ತು. 1960ರ ಒಂದೇ ವರ್ಷದಲ್ಲಿ ಆಫ್ರಿಕಾದ 14 ಮಾಜಿ ಫ್ರೆಂಚ್ ಪ್ರದೇಶಗಳು ಸ್ವತಂತ್ರವಾಗಿದ್ದವು. ಅವುಗಳ ಹೊಸ ವಿಶ್ವವಿದ್ಯಾಲಯಗಳಿಗೆ ಅಧ್ಯಾಪಕರು, ಗ್ರಂಥಗಳು, ಪದವಿಗಳಿಗೆ ಮಾನ್ಯತೆ ಎಲ್ಲವೂ ಬೇಕಾಗಿದ್ದವು. ಬ್ರಿಟಿಷ್ ವಲಯದಲ್ಲಿ ಇಂತಹ ಸಂಘ ಬಹಳ ಹಿಂದೆಯೇ ಇತ್ತು. ಭಾರತದ ಅನೇಕ ವಿಶ್ವವಿದ್ಯಾಲಯಗಳು ಸದಸ್ಯರಾಗಿರುವ ಕಾಮನ್‌ವೆಲ್ತ್ ವಿಶ್ವವಿದ್ಯಾಲಯಗಳ ಸಂಘದ ಮೂಲ 1913ಕ್ಕೆ ಹೋಗುತ್ತದೆ.

1987ರಲ್ಲಿ ಸಂಶೋಧನಾ ಜಾಲಗಳನ್ನು ಕಟ್ಟಲು 'ಯುರೆಫ್' ಎಂಬ ಅಂಗ ರೂಪುಗೊಂಡಿತು. 1989ರ ಡಕಾರ್ ಶೃಂಗಸಭೆಯು ಒಕ್ಕೂಟವನ್ನು ಫ್ರಾಂಕೊಫೊನಿ ರಾಷ್ಟ್ರಗಳ ಉನ್ನತ ಶಿಕ್ಷಣದ ಅಧಿಕೃತ ಕಾರ್ಯನಿರ್ವಾಹಕ ಸಂಸ್ಥೆಯೆಂದು ಮಾನ್ಯ ಮಾಡಿತು. ಇಂದಿನ ಹೆಸರು ಬಂದದ್ದು 1998ರಲ್ಲಿ.

ಆಡಳಿತ

ಸದಸ್ಯ ಸಂಸ್ಥೆಗಳ ಮಹಾಸಭೆ ನಾಲ್ಕು ವರ್ಷಗಳಿಗೊಮ್ಮೆ ಸೇರುತ್ತದೆ. ಅಧ್ಯಕ್ಷರ ಹುದ್ದೆ ಚುನಾಯಿತವಾದುದು. ದೈನಂದಿನ ಆಡಳಿತದ ಹೊಣೆ 'ರೆಕ್ಟರ್' ಅವರದು. ಭಾಷಾವಿಜ್ಞಾನಿ ಬೆರ್ನಾರ್ ಸೆರ್ಕಿಗ್ಲಿನಿ 2007ರಿಂದ 2015ರವರೆಗೆ ಈ ಹುದ್ದೆಯಲ್ಲಿದ್ದರು. 2019ರಲ್ಲಿ ಟ್ಯುನೀಷಿಯಾದ ಮಾಜಿ ಉನ್ನತ ಶಿಕ್ಷಣ ಸಚಿವ ಸ್ಲಿಮ್ ಖಲ್ಬೂಸ್ ರೆಕ್ಟರ್ ಆದರು. ಅನುದಾನದ ದೊಡ್ಡ ಪಾಲು ಫ್ರಾನ್ಸ್ ಸರ್ಕಾರದ್ದು. ಕೆನಡಾ, ಕ್ವಿಬೆಕ್ ಮೊದಲಾದವುಗಳ ನೆರವೂ ಇದೆ.

ಚಟುವಟಿಕೆಗಳು

ವಿದ್ಯಾರ್ಥಿವೇತನ, ಸಂಶೋಧನಾ ಜಾಲ ಮತ್ತು ದೂರಶಿಕ್ಷಣ ಒಕ್ಕೂಟದ ಮುಖ್ಯ ಕಾರ್ಯಗಳು. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ರೂಪಿಸಲಾದ 'ಸರದಿ' ವಿದ್ಯಾರ್ಥಿವೇತನ ಇವುಗಳಲ್ಲಿ ವಿಶಿಷ್ಟವಾದುದು. ಇದರಲ್ಲಿ ವಿದ್ಯಾರ್ಥಿಯು ವರ್ಷದ ಕೆಲವು ತಿಂಗಳು ವಿದೇಶದ ಪ್ರಯೋಗಾಲಯದಲ್ಲಿ, ಉಳಿದ ಅವಧಿ ತನ್ನ ದೇಶದ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಾನೆ. ಎರಡೂ ಕಡೆ ಮಾರ್ಗದರ್ಶಕರಿರುತ್ತಾರೆ. ಪೂರ್ಣಾವಧಿಗೆ ವಿದೇಶಕ್ಕೆ ಹೋದವರಲ್ಲಿ ಹಲವರು ಮರಳುವುದಿಲ್ಲವೆಂಬ ಅನುಭವವೇ ಈ ವ್ಯವಸ್ಥೆಗೆ ಕಾರಣ.

1990ರ ದಶಕದಿಂದ ಆಫ್ರಿಕಾ, ಏಷ್ಯಾ ಮತ್ತು ಕೆರಿಬಿಯನ್ ನಗರಗಳಲ್ಲಿ ಗಣಕಯಂತ್ರ, ಅಂತರಜಾಲ ಸಂಪರ್ಕ ಹಾಗೂ ವಿದ್ವತ್ ಪತ್ರಿಕೆಗಳನ್ನು ಒದಗಿಸುವ ಕೇಂದ್ರಗಳು ತೆರೆದವು. ಇವು ಮುಂದೆ 'ಡಿಜಿಟಲ್ ಕ್ಯಾಂಪಸ್' ಎನಿಸಿದವು. ಗ್ರಂಥಾಲಯಗಳಿಗೆ ವಿದೇಶಿ ಪತ್ರಿಕೆಗಳ ಚಂದಾ ಕಟ್ಟುವುದೂ ಕಷ್ಟವಾಗಿದ್ದ ಕಡೆ ಇವುಗಳ ಉಪಯೋಗ ಹೆಚ್ಚಾಗಿತ್ತು. ಹನೋಯಿಯಲ್ಲಿ ಗಣಕವಿಜ್ಞಾನ, ಸೋಫಿಯಾದಲ್ಲಿ ಆಡಳಿತ ನಿರ್ವಹಣೆ, ವಿಯೆಂಟಿಯಾನ್‌ನಲ್ಲಿ ಉಷ್ಣವಲಯ ವೈದ್ಯಶಾಸ್ತ್ರಕ್ಕೆ ಸಂಬಂಧಿಸಿದ ಸ್ನಾತಕೋತ್ತರ ಸಂಸ್ಥೆಗಳನ್ನೂ ಒಕ್ಕೂಟ ಸ್ಥಾಪಿಸಿತು. ಪ್ರಾಥಮಿಕ ಶಾಲಾ ಶಿಕ್ಷಕರಿಗೆ ದೂರಶಿಕ್ಷಣದ ಮೂಲಕ ತರಬೇತಿ ನೀಡುವ 'ಇಫಾಡೆಮ್' ಯೋಜನೆಯು 2006ರ ಬುಕಾರೆಸ್ಟ್ ಶೃಂಗಸಭೆಯ ನಿರ್ಧಾರದಿಂದ ಹುಟ್ಟಿ, ಬೆನಿನ್, ಬುರುಂಡಿ, ಹೈಟಿ ಮತ್ತು ಮಡಗಾಸ್ಕರ್‌ಗಳಲ್ಲಿ ಮೊದಲಿಗೆ ಜಾರಿಯಾಯಿತು.

ಭಾಷೆಯ ಪ್ರಶ್ನೆ

ಒಕ್ಕೂಟದ ಆಧಾರವಾದ ಭಾಷೆಯೇ ಅದರ ದೊಡ್ಡ ಸವಾಲು. ವಿಜ್ಞಾನ ವಿಷಯಗಳ ಪ್ರಕಟಣೆ ಬಹುಪಾಲು ಇಂಗ್ಲಿಷಿಗೆ ಸರಿದಿದೆ. ಫ್ರಾನ್ಸ್‌ನ ವಿಜ್ಞಾನಿಗಳೂ ಇದಕ್ಕೆ ಹೊರತಲ್ಲ. ಫ್ರೆಂಚಿನಲ್ಲಿ ಮಾತ್ರ ಬರೆಯುವ ಆಫ್ರಿಕಾದ ಸಂಶೋಧಕನ ಲೇಖನ ಹೆಚ್ಚಿನ ಓದುಗರಿಗೆ ತಲುಪುವುದಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಅವನ ಸ್ವಂತ ವಿದ್ಯಾರ್ಥಿಗಳಿಗೇ ಅದು ದೂರವಾಗುತ್ತದೆ. ರುವಾಂಡಾ ಸರ್ಕಾರವು 2008ರಲ್ಲಿ ಬೋಧನಾ ಮಾಧ್ಯಮವನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ಬದಲಾಯಿಸಲು ನಿರ್ಧರಿಸಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಹಳೆಯದು. ಆಫ್ರಿಕಾದಲ್ಲಿ ಫ್ರೆಂಚ್ ವಸಾಹತು ಆಡಳಿತದೊಡನೆ ಬಂದ ಭಾಷೆಯಾದುದರಿಂದ, ಫ್ರೆಂಚ್ ಅನುದಾನದ ಈ ಸಹಕಾರವು ಹಳೆಯ ಪ್ರಭಾವವನ್ನೇ ಮುಂದುವರಿಸುತ್ತದೆ ಎಂದು ಟೀಕಾಕಾರರು ವಾದಿಸುತ್ತಾರೆ. ವೊಲೊಫ್, ಮಲಗಾಸಿಯಂತಹ ದೇಶಭಾಷೆಗಳಿಗೆ ಉನ್ನತ ಶಿಕ್ಷಣದಲ್ಲಿ ದೊರೆತಿರುವ ಸ್ಥಾನ ಅತ್ಯಲ್ಪವೆಂಬುದು ಈ ವಾದಕ್ಕೆ ಬಲ ನೀಡುತ್ತದೆ. ಸಮರ್ಥಕರ ಪ್ರಕಾರ, ಹತ್ತಾರು ಭಾಷೆಗಳಿರುವ ದೇಶಗಳ ವಿದ್ವಾಂಸರು ಪರಸ್ಪರ ಮಾತನಾಡಲು ಈಗಾಗಲೇ ಕೈಯಲ್ಲಿರುವ ಸಾಧನ ಫ್ರೆಂಚ್. ಅಂತಾರಾಷ್ಟ್ರೀಯ ಫ್ರಾಂಕೊಫೊನಿ ಸಂಘಟನೆಯ ನೇರ ಕಾರ್ಯನಿರ್ವಾಹಕ ಸಂಸ್ಥೆಗಳು ನಾಲ್ಕು. ಎಯುಎಫ್ ಹೊರತು ಉಳಿದವು ಟಿವಿ5ಮೊಂಡ್ ವಾಹಿನಿ, ಅಲೆಕ್ಸಾಂಡ್ರಿಯಾದ ಸೆಂಗೋರ್ ವಿಶ್ವವಿದ್ಯಾಲಯ ಮತ್ತು ಫ್ರೆಂಚ್ ಭಾಷಿಕ ನಗರಗಳ ಮೇಯರ್‌ಗಳ ಸಂಘ.