ಹುಲಿಕಣ್ಣಿನ ಕಲ್ಲು, ಅದರ ಧೂಳು

ಕೊಟ್ಟೂರಿನ ತೇರಿರಲಿ, ನಮ್ಮ ಕಡೆಯ ಉರುಸಿರಲಿ, ಉಂಗುರ ಮಾರುವವರು ಬಟ್ಟೆ ಹಾಸಿ ಕೂತಿರುತ್ತಾರೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಿಂದ ಬಂದವರು ಅಲ್ಲಿ ಒಮ್ಮೆ ಬಗ್ಗಿ ನೋಡದೆ ಮುಂದೆ ಹೋಗುವುದಿಲ್ಲ. ಹುಡುಗನಾಗಿದ್ದಾಗ ನಾನೂ ಒಂದು ಉಂಗುರ ಕೊಂಡಿದ್ದೆ. ಹೊಂಗಂದು ಪಟ್ಟೆಗಳ ಕಲ್ಲು. ಕೈ ತಿರುಗಿಸಿದರೆ ಬೆಳಕಿನ ಗೆರೆಯೊಂದು ಅದರೊಳಗೆ ಸರಿದಾಡುತ್ತಿತ್ತು. ‘ಹುಲಿಕಣ್ಣು, ರಾಜರ ಕಾಲದ್ದು. ನಜರ್ ತಾಗಲ್ಲ’ ಎಂದ ಮಾರುವವ. ಮನೆಯಲ್ಲಿ ದಾದಿ ನೋಡಿ, ‘ಇದು ಅಕೀಕ್ ಅಲ್ಲ ಬೇಟಾ’ ಎಂದಷ್ಟೇ ಹೇಳಿದರು.

ದಾದಿಯ ಮಾತು ನಿಜ. ಎರಡೂ ಬೆಣಚುಕಲ್ಲಿನ ಬಳಗದವೇ, ಗಡಸುತನವೂ ಹೆಚ್ಚುಕಡಿಮೆ 7. ಆದರೆ ಹುಟ್ಟು ಬೇರೆ. ನವರತ್ನಗಳಲ್ಲಿ ಹುಲಿಕಣ್ಣು ಇಲ್ಲ. ಅಲ್ಲಿರುವ ವೈಡೂರ್ಯ ಇದಕ್ಕಿಂತ ಗಟ್ಟಿಯಾದ, ದುಬಾರಿಯಾದ ಇನ್ನೊಂದೇ ಕಲ್ಲು. ಹುಲಿಕಣ್ಣು ಪೇಟೆಗೆ ರಾಶಿರಾಶಿಯಾಗಿ ಬಂದದ್ದು 19ನೇ ಶತಮಾನದ ಕೊನೆಯಲ್ಲಿ, ದಕ್ಷಿಣ ಆಫ್ರಿಕಾದ ಉತ್ತರ ಕೇಪ್ ಪ್ರದೇಶದಿಂದ. ಮೊದಲು ಅಮೂಲ್ಯ ರತ್ನದ ಬೆಲೆಯಿತ್ತು. ಹೇರಳವಾಗಿ ಸಿಕ್ಕಿದ್ದೇ ಬೆಲೆ ಕುಸಿಯಿತು.

ಅದು ಸಿಗುವುದು ಕಬ್ಬಿಣದ ಪಟ್ಟೆಬಂಡೆಗಳಲ್ಲಿ. ಕೂಡ್ಲಿಗಿ ಪಕ್ಕದ ಸಂಡೂರು ಬೆಟ್ಟಗಳಲ್ಲಿರುವುದೂ ಅದೇ ಜಾತಿಯ ಬಂಡೆ. ಆದರೆ ಆಫ್ರಿಕಾದ ಬಂಡೆಗಳ ನಡುವೆ ನೂಲಿನಂಥ ನೀಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇದೆ. ಈ ನಾರಿನ ಜಾಗವನ್ನು ನಿಧಾನವಾಗಿ ಬೆಣಚು ತುಂಬಿಕೊಂಡಿತೆಂದು 1873ರಿಂದ ನಂಬಲಾಗಿತ್ತು. ಬಂಡೆ ಮತ್ತೆಮತ್ತೆ ಬಿರಿದಾಗ ನಾರೂ ಬೆಣಚೂ ಒಟ್ಟಿಗೇ ಬೆಳೆದವೆಂದು 2003ರಲ್ಲಿ ಇಬ್ಬರು ಅಮೆರಿಕನ್ ವಿಜ್ಞಾನಿಗಳು ವಾದಿಸಿದರು. ಹೊಂಗಂದು ಬಣ್ಣ ಬಂದದ್ದು ಮಾತ್ರ ನಾರಿನೊಳಗಿನ ಕಬ್ಬಿಣ ತುಕ್ಕು ಹಿಡಿದು.

ಉಂಗುರ ತೊಟ್ಟವರಿಗೆ ಭಯವಿಲ್ಲ. ನಾರು ಕಲ್ಲಿನೊಳಗೆ ಬಂಧಿ. ಸೋಪುನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು, ಆಸಿಡ್ ತಾಗಿಸಬಾರದು. ಅಪಾಯವಿರುವುದು ಅದನ್ನು ಒಣಗಿದಂತೆಯೇ ಕೊಯ್ದು ಉಜ್ಜುವವರಿಗೆ. ಆ ಧೂಳು ಶ್ವಾಸಕೋಶ ತಿನ್ನುತ್ತದೆ. ಅಕೀಕ್ ಉಜ್ಜುವ ಗುಜರಾತಿನ ಖಂಭಾತದ ಕೆಲಸಗಾರರೂ ಈ ಧೂಳಿಗೆ ಬಲಿಯಾಗಿದ್ದಾರೆ.

ಉತ್ತರ ಕೇಪ್‌ನ ಕಥೆ ಇನ್ನೂ ಘೋರ. ಕಲ್ನಾರಿನ ಗಣಿಗಳಲ್ಲಿ ಹೆಂಗಸರು, ಮಕ್ಕಳು ಸುತ್ತಿಗೆಯಿಂದ ಕಲ್ಲು ಬಡಿದು ನಾರು ಬೇರ್ಪಡಿಸುತ್ತಿದ್ದರು. 1960ರಲ್ಲಿ ಡಾ. ವ್ಯಾಗ್ನರ್ ಮತ್ತು ಸಂಗಡಿಗರು ಎದೆಯ ಒಳಪೊರೆಯ ಅಪರೂಪದ ಕ್ಯಾನ್ಸರ್ ತಗುಲಿದ 33 ಜನರ ವಿವರ ಪ್ರಕಟಿಸಿದರು. ಅವರಲ್ಲಿ ಅನೇಕರು ಗಣಿಗೆ ಇಳಿದವರೇ ಅಲ್ಲ, ಆ ಸೀಮೆಯಲ್ಲಿ ಬಾಲ್ಯ ಕಳೆದವರು ಅಷ್ಟೆ. ದಕ್ಷಿಣ ಆಫ್ರಿಕಾ ಕಲ್ನಾರನ್ನು ನಿಷೇಧಿಸಿದ್ದು 2008ರಲ್ಲಿ.

ಕಲ್ಲಿಗೆ ಶಕ್ತಿ ಕಟ್ಟುವುದು ನಮ್ಮಲ್ಲೂ ಹಳೆಯ ಚಾಳಿ. ಪ್ರವಾದಿ ಮುಹಮ್ಮದ್(ಸ) ಬೆಳ್ಳಿಯ ಉಂಗುರ ಧರಿಸಿದ್ದರು; ಆದರೆ ಅದು ದೊರೆಗಳಿಗೆ ಬರೆದ ಪತ್ರಗಳಿಗೆ ಮುದ್ರೆ ಒತ್ತಲು. ಪಚ್ಚೆ ಕಂಡರೆ ಹಾವಿನ ಕಣ್ಣು ಹೋಗುತ್ತದೆಂಬ ಮಾತನ್ನು 11ನೇ ಶತಮಾನದ ಅಲ್‌ಬಿರೂನಿ ಹಾವಿನ ಮೇಲೆಯೇ ಪರೀಕ್ಷಿಸಿದ. ಹಾವಿಗೆ ಏನೂ ಆಗಲಿಲ್ಲ.

ನನ್ನ ಉಂಗುರ ಈಗಲೂ ಪೆಟ್ಟಿಗೆಯಲ್ಲಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೆ ಸಂಡೂರಿನ ರಸ್ತೆಬದಿಯ ಗಿಡಮರ, ಮನೆಗಳ ಮೇಲೆಲ್ಲ ಕೆಂಧೂಳು ಕೂತಿರುತ್ತಿತ್ತು. ಆ ಧೂಳಿನಲ್ಲಿ ನೀಲಿ ನಾರಿರಲಿಲ್ಲ, ನಿಜ. ಆದರೂ ಉಂಗುರ ಕೈಗೆತ್ತಿಕೊಂಡಾಗ, ಅದು ನಜರಿನಿಂದ ನನ್ನನ್ನು ಕಾಯಿತೋ ಇಲ್ಲವೋ ಎನ್ನುವುದಕ್ಕಿಂತ, ಅದನ್ನು ತೆಗೆದವರನ್ನು ಯಾರು ಕಾದರು ಎಂಬ ಪ್ರಶ್ನೆಯೇ ಮೊದಲು ಬರುತ್ತದೆ.