ಮಾಜಿ ಸೈನಿಕರ ಸೌಲಭ್ಯಗಳು ನಡೆದು ಬಂದ ದಾರಿ

ಬೆಳ್ಳಿಹಬ್ಬದ ಸಂಚಿಕೆಗೆ ನೀವೂ ಒಂದು ಲೇಖನ ಕೊಡಿ ಅಂತ ಕಾರ್ಯದರ್ಶಿಗಳು ಕೇಳಿದಾಗ ಬೆಳೆ ಸಾಲದ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಆದರೆ ಸಂಘದ ಸದಸ್ಯರ ಪಟ್ಟಿ ತಿರುವಿ ಹಾಕುವಾಗ ಮಿಲಿಟರಿಯಿಂದ ಬಂದವರ, ಅವರ ವಿಧವೆಯರ ಹೆಸರುಗಳು ಕಣ್ಣಿಗೆ ಬಿದ್ದವು. ಇವರಿಗೆ ಸರ್ಕಾರದಿಂದ ಏನು ಸಿಗುತ್ತದೆ, ಅದು ಯಾವಾಗ ಬಂತು, ಹೇಗೆ ಬಂತು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ನನಗೂ ತಿಳಿದಿರಲಿಲ್ಲ. ತಿಳಿಯದೇ ನಮ್ಮ ಮನೆಗೇ ನಷ್ಟವಾಯಿತು.

ನಮ್ಮ ತಾತ 1942ರಲ್ಲಿ ಬೆಂಗಳೂರಿಗೆ ಹೋಗಿ ಸೈನ್ಯಕ್ಕೆ ಭರ್ತಿಯಾದವರು. ಬರ್ಮಾ ಗಡಿಯಲ್ಲಿದ್ದು 1946ರಲ್ಲಿ ಊರಿಗೆ ಬಂದರು. ಎರಡನೇ ಮಹಾಯುದ್ಧದಲ್ಲಿ ನಮ್ಮ ದೇಶದ ಸುಮಾರು 25 ಲಕ್ಷ ಜನ ಸೈನ್ಯದಲ್ಲಿದ್ದರು. ಯುದ್ಧ ಮುಗಿದ ಮೇಲೆ ಬಹಳ ಜನರನ್ನು ಮನೆಗೆ ಕಳಿಸಿಬಿಟ್ಟರು. ಸಿಪಾಯಿಗೆ ಪಿಂಚಣಿ ಬೇಕಾದರೆ 15 ವರ್ಷದ ಸೇವೆ ಆಗಬೇಕು. ನಾಲ್ಕು ವರ್ಷ ದುಡಿದವನಿಗೆ ಎಲ್ಲಿಂದ ಬರಬೇಕು? ತಾತನಿಗೆ ಬಂದದ್ದು ಸ್ವಲ್ಪ ಕೈಹಣ, ಒಂದು ಕಂಬಳಿ, ಒಂದು ಡಿಸ್ಚಾರ್ಜ್ ಪುಸ್ತಕ. ಆಮೇಲೆ ನೇಗಿಲು ಹಿಡಿದರು.

ಸೈನಿಕರ ಯೋಗಕ್ಷೇಮಕ್ಕೆ ಮಂಡಳಿ ಇರಲಿಲ್ಲ ಅಂತಲ್ಲ. ಮೊದಲನೇ ಮಹಾಯುದ್ಧ ಮುಗಿದ ಮೇಲೆ 1919ರಲ್ಲೇ ಬ್ರಿಟಿಷರು ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಮಾಡಿದ್ದರು. ಆ ಯುದ್ಧದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ದಳದವರು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದವರಲ್ಲಿ ಸೇರಿದ್ದರು. ಆ ಬೋರ್ಡೇ ಹೆಸರು ಬದಲಾಗುತ್ತಾ ಬಂದು 1975ರಲ್ಲಿ ಕೇಂದ್ರೀಯ ಸೈನಿಕ ಮಂಡಳಿ ಆಯಿತು. 1949ರಿಂದ ಪ್ರತಿ ಡಿಸೆಂಬರ್ 7ರಂದು ಧ್ವಜ ದಿನಾಚರಣೆ ನಡೆಯುತ್ತಿದೆ. ಶಾಲೆಯಲ್ಲಿ ನಾವು ಕಾಸು ಕೊಟ್ಟು ಎದೆಗೆ ಚುಚ್ಚಿಕೊಂಡ ಸಣ್ಣ ಬಾವುಟದ ಹಣ ಈ ಕೆಲಸಕ್ಕೇ ಹೋಗುವುದು.

ಆದರೆ ಕೇಳದೆ ಏನೂ ಬರಲಿಲ್ಲ. ಕೊಡಗಿನ ಕಾರ್ಯಪ್ಪನವರು ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರು. ನಿವೃತ್ತಿಯಾದ ಮೇಲೆ ಅವರೇ ಮುಂದೆ ನಿಂತು 1964ರಲ್ಲಿ ಮಾಜಿ ಸೈನಿಕರ ಸಂಸ್ಥೆಯಾದ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಕಟ್ಟಿದರು. ಸಹಕಾರಿಗಳಾದ ನಮಗೆ ಇದರ ಅರ್ಥ ಬೇಗ ಆಗುತ್ತದೆ. ಒಬ್ಬೊಬ್ಬರೇ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

1973ರ ಮೂರನೇ ವೇತನ ಆಯೋಗದ ನಂತರ ಜವಾನರ ಪಿಂಚಣಿ ಸಂಬಳದ ಶೇ. 70ರಿಂದ ಶೇ. 50ಕ್ಕೆ ಇಳಿಯಿತು ಎಂಬುದು ನಿವೃತ್ತರ ಸಂಘಗಳ ದೂರು. ಒಂದೇ ದರ್ಜೆ, ಅಷ್ಟೇ ವರ್ಷ ಸೇವೆ ಇದ್ದರೂ ಮೊದಲು ನಿವೃತ್ತಿಯಾದವನಿಗೆ ಕಡಿಮೆ, ಆಮೇಲಿನವನಿಗೆ ಜಾಸ್ತಿ ಆಗುತ್ತಾ ಹೋಯಿತು. ‘ಒಂದು ದರ್ಜೆ ಒಂದು ಪಿಂಚಣಿ’ ಕೊಡಿ ಅಂತ 2015ರಲ್ಲಿ ಮುದುಕರೆಲ್ಲ ಪದಕ ತೊಟ್ಟು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕೂತರು. ಆ ವರ್ಷದ ನವೆಂಬರ್ 7ರಂದು ಆದೇಶವಾಗಿ, 1-7-2014ರಿಂದ ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು.

ಇನ್ನು ಔಷಧೋಪಚಾರ. ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆ ಶುರುವಾದದ್ದು 1-4-2003ರಂದು. ಪಿಂಚಣಿ ಪಡೆಯುವ ಮಾಜಿ ಸೈನಿಕರು, ಅವರ ಹೆಂಡತಿ, ಅವಲಂಬಿತರು ಕಾರ್ಡ್ ಮಾಡಿಸಿಕೊಂಡರೆ ಪಾಲಿಕ್ಲಿನಿಕ್‌ನಲ್ಲಿ ಚಿಕಿತ್ಸೆ ಉಂಟು. ದೊಡ್ಡ ಕಾಯಿಲೆಗೆ ಅಲ್ಲಿಂದ ಚೀಟಿ ಪಡೆದು ಒಪ್ಪಂದದ ಆಸ್ಪತ್ರೆಗೆ ಹೋಗಬಹುದು. ಪಿಂಚಣಿ ಇಲ್ಲದ ಎರಡನೇ ಮಹಾಯುದ್ಧದವರನ್ನು ಇದಕ್ಕೆ ಸೇರಿಸಿದ್ದು 2019ರಲ್ಲಿ. ಯುದ್ಧ ಮುಗಿದು ಆಗಲೇ 74 ವರ್ಷ! ಉಳಿದವರು ಎಷ್ಟು ಜನ ಅಂತ ನೀವೇ ಯೋಚಿಸಿ.

ವಯಸ್ಸಾದವರು ಮುಖ್ಯವಾಗಿ ತಿಳಿಯಬೇಕಾದ್ದು ಇನ್ನೆರಡು ಇದೆ. ಒಂದು, 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ. 20 ಹೆಚ್ಚುವರಿ ಸೇರುತ್ತದೆ. 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50, ನೂರು ತುಂಬಿದರೆ ಮೂಲ ಪಿಂಚಣಿಯಷ್ಟೇ ಮತ್ತೊಂದು. ಕುಟುಂಬ ಪಿಂಚಣಿ ಪಡೆಯುವ ವಿಧವೆಯರಿಗೂ ಹೀಗೆಯೇ. ಆದರೆ ದಾಖಲೆಯಲ್ಲಿ ಹುಟ್ಟಿದ ತಾರೀಖು ಸರಿಯಾಗಿರಬೇಕು. ಎರಡು, ಹವಾಲ್ದಾರ್ ದರ್ಜೆಯವರೆಗಿನ ಪಿಂಚಣಿ ಇಲ್ಲದ, 65 ದಾಟಿದ, ಬೇರೆ ಆದಾಯವಿಲ್ಲದ ಮಾಜಿ ಸೈನಿಕರಿಗೆ ಅಥವಾ ಅವರ ವಿಧವೆಯರಿಗೆ ಸೈನಿಕ ಮಂಡಳಿಯಿಂದ ಮಾಸಿಕ ಸಹಾಯಧನವಿದೆ. ತಿಂಗಳಿಗೆ 4,000 ರೂ. ಇದ್ದದ್ದನ್ನು 2025ರ ನವೆಂಬರ್‌ನಿಂದ ಬರುವ ಅರ್ಜಿಗಳಿಗೆ 8,000 ರೂ. ಮಾಡಿದ್ದಾರೆ. ಅರ್ಜಿ ಹೋಗುವುದು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕ.

ತಾತನ ವಿಷಯಕ್ಕೆ ಬರುತ್ತೇನೆ. ಮಹಾಯುದ್ಧದವರಿಗೆ ಸಹಾಯಧನ ಉಂಟಂತೆ ಅಂತ ಯಾರೋ ಹೇಳಿದ ಮೇಲೆ ಮುಪ್ಪಿನಲ್ಲಿ ಒಂದು ಕಚೇರಿಗೆ ಹೋದರು. ಡಿಸ್ಚಾರ್ಜ್ ಪುಸ್ತಕ ಟ್ರಂಕಿನಲ್ಲಿತ್ತು, ಆದರೆ ಮಳೆಗಾಲದಲ್ಲಿ ಮಾಡು ಸೋರಿ ನಂಬರಿದ್ದ ಹಾಳೆಯೇ ಕೊಳೆತಿತ್ತು. ನಂಬರ್ ಇಲ್ಲದೆ ಏನೂ ಆಗುವುದಿಲ್ಲ ಅಂದರು. ರೆಕಾರ್ಡ್ ಆಫೀಸಿಗೆ ಬರೆದು ಕೇಳಬಹುದು ಎಂಬ ಒಂದು ಮಾತನ್ನು ಯಾರೂ ಹೇಳಲಿಲ್ಲ. ನಮಗೂ ಹೊಳೆಯಲಿಲ್ಲ. ತಾತ ಮತ್ತೆ ಆ ಕಡೆ ಹೋಗಲಿಲ್ಲ. ‘ಹೋಗಲಿ ಬಿಡು, ಜೀವ ಉಳಿಸಿಕೊಂಡು ಬಂದೆನಲ್ಲ’ ಅನ್ನುತ್ತಿದ್ದರು. ಹಾಗೇ ತೀರಿಕೊಂಡರು.

ಮೂರು ವರ್ಷದ ಹಿಂದೆ ನಮ್ಮ ಸದಸ್ಯೆಯೊಬ್ಬರಿಗೂ ಇಂಥದ್ದೇ ತೊಡಕು ಬಂತು. ಗಂಡ 1971ರ ಯುದ್ಧ ನೋಡಿದವರು. ಮಿಲಿಟರಿ ದಾಖಲೆಯಲ್ಲಿ ಆಕೆಯ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು. ಗಂಡ ಸತ್ತ ಮೇಲೆ ಕುಟುಂಬ ಪಿಂಚಣಿ ನಿಂತೇ ಹೋಗಿತ್ತು. ಈ ಸಲ ನಾವು ಸುಮ್ಮನಿರಲಿಲ್ಲ. ಕಾರ್ಯದರ್ಶಿಗಳು ಅಫಿಡವಿಟ್ ಮಾಡಿಸಿದರು, ನಾನು ಮೂರು ಸಲ ಜಿಲ್ಲಾ ಕೇಂದ್ರಕ್ಕೆ ಓಡಾಡಿದೆ. ಎಂಟು ತಿಂಗಳಿಗೆ ಬಾಕಿ ಸಮೇತ ಹಣ ಬಂತು. ಆಕೆ ಮೊದಲು ಮಾಡಿದ ಕೆಲಸ ಸಂಘದ ಸಾಲ ತೀರಿಸಿದ್ದು.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೆ. ಮನೆಯಲ್ಲಿ ಡಿಸ್ಚಾರ್ಜ್ ಪುಸ್ತಕ, ಪಿ.ಪಿ.ಓ. ಇದ್ದರೆ ಇವತ್ತೇ ತೆಗೆದು ನೋಡಿ. ಹೆಂಡತಿಯ ಹೆಸರು, ಹುಟ್ಟಿದ ತಾರೀಖು ತಾಳೆಯಾಗುತ್ತದೆಯೇ ನೋಡಿ. ಯಜಮಾನರು ಇರುವಾಗಲೇ ಸರಿಪಡಿಸಿಕೊಳ್ಳಿ. ವರ್ಷಕ್ಕೊಮ್ಮೆ ಜೀವಂತ ಇರುವ ದೃಢೀಕರಣ ಮರೆಯಬೇಡಿ. ಕಾಗದಗಳ ಜೆರಾಕ್ಸ್ ಪ್ರತಿಯನ್ನು ಸಂಘದ ಬೀರುವಿನಲ್ಲಿ ಇಡಲು ಜಾಗ ಕೊಡಬೇಕೆಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ನಾನು ವಿಷಯ ಮಂಡಿಸುತ್ತೇನೆ. ನಮ್ಮ ಬೀರು ಇರುವ ಕೋಣೆಯ ಮಾಡು ಸೋರುವುದಿಲ್ಲ.